ಮೊದಲು ದೊಡ್ಡವನಿಗೆ

"ಈ ಹಾಳು ದಾಳಕ್ಕೆ ಬೆಂಕಿ ಬೀಳ!"

ಕಿರಿಯವಳು ಲ್ಯಾಪ್‌ಟಾಪ್ ಮುಂದೆ ಹಣೆ ಚಚ್ಚಿಕೊಂಡಳು. ಪರದೆಯ ಮೇಲೆ ಮತ್ತೆ ಸೊನ್ನೆ. ಸೊನ್ನೆ ಬೀಳುವ ದಾಳವನ್ನು ಯಾರಾದರೂ ಕಂಡಿದ್ದಾರೆಯೇ? ಒಂದರಿಂದ ಆರು ಬೀಳಬೇಕಾದ ಕಡೆ ಸೊನ್ನೆಯಿಂದ ಐದು ಬೀಳುತ್ತಿತ್ತು. ಹುಟ್ಟಿದ ಮೇಲೆ ಬರೆದ ಮೊದಲ ಪ್ರೋಗ್ರಾಂ, ಅದೂ ಫೋನಿನಲ್ಲಿ ಪಾಠ ಕೇಳಿ ಬರೆದದ್ದು. ಸಂಜೆಯೊಳಗೆ ಸರಿಯಾಗದಿದ್ದರೆ ಅವಳ ಬಾಳೆಲ್ಲ ಈ ಲಾಂಡ್ರಿಯಲ್ಲೇ.

ಅವಳಿಗೂ ಅಣ್ಣನಿಗೂ ದೂರದ ಊರಿನ ಕಂಪ್ಯೂಟರ್ ತರಬೇತಿಗೆ ಸೀಟು ಸಿಕ್ಕಿತ್ತು. ಆದರೆ ಅಂಗಡಿಗೆ ಒಬ್ಬರು ಬೇಕೇ ಬೇಕು. ಅಣ್ಣ ಹಿಂದೊಮ್ಮೆ ಇಂಥದೇ ತರಬೇತಿಗೆ ಹೋಗಿ ಅರ್ಧಕ್ಕೇ ಬಿಟ್ಟು ಬಂದ ಮಹಾಶಯ. ಆದರೂ ಅಪ್ಪನಿಗೆ ಇಬ್ಬರೂ ಎರಡು ಕಣ್ಣು. "ದಾಳ ಹಾಕಿ. ದೊಡ್ಡ ಅಂಕಿ ಬಿದ್ದವರು ಹೋಗಲಿ" ಎಂದುಬಿಟ್ಟಿದ್ದರು. ಅಣ್ಣನ ಕೈಚಳಕ ಚಿಕ್ಕಂದಿನಿಂದ ನೋಡಿದವಳು ಕಿರಿಯವಳು. ಅವನ ಕೈಗೆ ದಾಳ ಕೊಡುವುದೂ ಒಂದೇ, ಬೆಕ್ಕಿಗೆ ಹಾಲು ಕಾಯಲು ಹೇಳುವುದೂ ಒಂದೇ. "ಕಂಪ್ಯೂಟರ್ ದಾಳ ನಾನೇ ಬರೀತೀನಿ" ಎಂದು ಜಂಬದಿಂದ ಹೇಳಿದ್ದಳು. ಈಗ ಅನುಭವಿಸುತ್ತಿದ್ದಳು.

ಅಮ್ಮ ಪಕ್ಕದ ಮೇಜಿನಲ್ಲಿ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು.

ಅಂತೂ ಒಂದು ಕೂಡಿಸಿದ ಮೇಲೆ ಸೊನ್ನೆ ತೊಲಗಿತು. "ಎರಡು! ಐದು! ಬಂತಮ್ಮಾ!" ಎಂದು ಕೂಗಿದಳು. ಆ ಖುಷಿಗೆ ಯಾರ ಕಣ್ಣು ಬಿತ್ತೋ, 'ದಾಳ ಬಿತ್ತು' ಎಂಬ ಸಾಲು ಸೇರಿಸಿದ್ದೇ ತಡ, ಪರದೆ ತುಂಬ ತಪ್ಪು ತೋರಿಸುವ ಕೆಂಪಕ್ಷರ. ಮುಚ್ಚಿದಳು, ತಿದ್ದಿದಳು, ತೆರೆದಳು, ಬಿದ್ದ ಅಂಕಿ ಕೂಗಿದಳು. ಮತ್ತೆ ಮುಚ್ಚಿದಳು. ಯಾವ ಅಂಕಿ ಬಿದ್ದರೇನು, ಕೆಂಪಕ್ಷರ ಬರದಿದ್ದರೆ ಸಾಕಾಗಿತ್ತು ಅವಳಿಗೆ.

"ಎಷ್ಟು ಸಲ ಮುಚ್ಚಿ ತೆಗೀತೀಯೇ?" ಅಮ್ಮ ಕೇಳಿದಳು.

"ನಿನಗೆ ಇದೆಲ್ಲ ಅರ್ಥ ಆಗಲ್ಲ, ಸುಮ್ನಿರಮ್ಮ!"

ಅಮ್ಮ ಇನ್ನೊಂದು ಅಂಗಿ ಮೇಜಿನ ಮೇಲೆ ಹಾಸಿದಳು.

ಕೆಂಪಕ್ಷರ ತೊಲಗುವಷ್ಟರಲ್ಲಿ ಸಂಜೆಯಾಯಿತು. ಎಲ್ಲರೂ ಸೇರಿದರು. ಅಣ್ಣ ಲ್ಯಾಪ್‌ಟಾಪನ್ನು ಕಳ್ಳಮಾಲು ನೋಡುವಂತೆ ನೋಡಿದ. "ಬರೆದೋಳು ನೀನೇ. ಒಳಗೆ ಏನು ಕಿತಾಪತಿ ಮಾಡಿದ್ದೀಯೋ ಯಾರಿಗೆ ಗೊತ್ತು?"

"ಎಲ್ಲರನ್ನೂ ನಿನ್ನ ಹಾಗೇ ಅಂದ್ಕೊಂಡ್ಯಾ?" ಅವಳ ಕಣ್ಣಲ್ಲಿ ನೀರೇ ಬಂತು. ಇಡೀ ದಿನ ಒದ್ದಾಡಿದ್ದು ಈ ಮಾತು ಕೇಳುವುದಕ್ಕೇ?

"ಜಗಳ ಸಾಕು," ಅಮ್ಮ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಬಂದಳು. "ನಾನೇ ಒತ್ತುತೀನಿ. ಅದನ್ನ ಒಂದ್ಸಲ ಮುಚ್ಚಿ ಹೊಸದಾಗಿ ತೆಗಿ, ಯಾರಿಗೂ ಅನುಮಾನ ಬೇಡ. ಮೊದಲು ದೊಡ್ಡವನಿಗೆ."

ಕಿರಿಯವಳ ಹೊಟ್ಟೆ ಉರಿಯಿತು. ಸೈಕಲ್ಲು ಮೊದಲು ದೊಡ್ಡವನಿಗೆ, ಹೊಸ ಬಟ್ಟೆ ಮೊದಲು ದೊಡ್ಡವನಿಗೆ, ಹಾಲಿನ ಕೆನೆಯೂ ಮೊದಲು ದೊಡ್ಡವನಿಗೆ. ಇವತ್ತೊಂದು ದಿನವಾದರೂ ಅಮ್ಮನ ಬಾಯಲ್ಲಿ ತನ್ನ ಸರದಿ ಮೊದಲು ಬರಬಾರದಿತ್ತೇ? ಹಲ್ಲು ಕಚ್ಚಿಕೊಂಡು ಪ್ರೋಗ್ರಾಂ ಮುಚ್ಚಿ ತೆರೆದಳು.

ಅಮ್ಮ ಒತ್ತಿದಳು. ಅಣ್ಣನಿಗೆ ಎರಡು ಬಿತ್ತು. ಅವನ ಮುಖ ಹರಳೆಣ್ಣೆ ಕುಡಿದಂತಾಯಿತು.

ಮತ್ತೆ ಒತ್ತಿದಳು. ಐದು.

ಅಪ್ಪ ಮಗಳ ತಲೆ ಸವರಿದರು. ಅಣ್ಣ ಕಾಲು ಅಪ್ಪಳಿಸುತ್ತ ಹೊರಗೆ ಹೋದ. ಕಿರಿಯವಳು ಮಾತ್ರ ಬಿಗುಮಾನ ಬಿಡದೆ ಅಮ್ಮನ ಹಿಂದೆಯೇ ಇಸ್ತ್ರಿ ಮೇಜಿಗೆ ಬಂದಳು. "ಹಣೆಬರಹ ಗಟ್ಟಿ ಇತ್ತು, ಗೆದ್ದೆ. ನಿನಗಂತೂ ಇವತ್ತೂ ಅವನೇ ಮೊದಲು!"

ಅಮ್ಮ ಬಾಗಿಲ ಕಡೆ ಒಮ್ಮೆ ನೋಡಿ, ಅಂಗಿಯ ಕಾಲರು ಮಡಿಸುತ್ತ ಪಿಸುಗುಟ್ಟಿದಳು: "ಮೆಲ್ಲಗೆ ಮಾತಾಡೇ ಪೆದ್ದಿ. ಹೊಸದಾಗಿ ತೆಗೆದಾಗಲೆಲ್ಲ ಮೊದಲು ಎರಡು, ಆಮೇಲೆ ಐದು ಅಂತ ಬೆಳಗಿಂದ ನೀನೇ ಕೂಗ್ತಿರಲಿಲ್ವಾ?"