ಪೇಪರ್ ಕಪ್ಪಿನ ಸಮುದ್ರ

ಬಿಸಿ ಚಿಪ್ಸಿನ ಮೇಲೆ ವಿನೆಗರ್ ಬಿದ್ದ ವಾಸನೆ ಬಂದರೆ ನನಗೆ ಈಗಲೂ ಅಜ್ಜಿ ನೆನಪಾಗುತ್ತಾಳೆ.

ಧಾರವಾಡದಿಂದ ಅವಳು ವೆಂಬ್ಲಿಯ ನಮ್ಮ ಮನೆಗೆ ಬಂದಿದ್ದ ಬೇಸಿಗೆ ಅದು. ಎರಡೂ ಕಣ್ಣು ಕಾಣುತ್ತಿರಲಿಲ್ಲ. ತೀರಿಕೊಂಡ ಅಜ್ಜನ ಹೆಸರಿನಲ್ಲಿ ಸಮುದ್ರದ ನೀರು ತಲೆಗೆ ಹಾಕಿಕೊಳ್ಳಬೇಕು ಎಂಬುದೊಂದೇ ಅವಳ ಆಸೆ. ಅಪ್ಪ ನಮ್ಮನ್ನೆಲ್ಲ ಕಾರಿನಲ್ಲಿ ಕಡಲಂಚಿನ ಸಸೆಕ್ಸ್ ಕೌಂಟಿಗೆ ಕರೆದೊಯ್ದ. ಆದರೆ ಅವನಿಗೆ ಬೇಕಾಗಿದ್ದದ್ದು ಕಡಲಿನಿಂದ ದೂರದ ಪುಟ್ಟ ಊರುಗಳು. ಒಂದು ಊರಲ್ಲಿ ಹಳೇ ಸಾಮಾನಿನ ಅಂಗಡಿ, ಇನ್ನೊಂದರಲ್ಲಿ ಸ್ಕೋನ್ ಎಂಬ ಬನ್ನು ಮತ್ತು ಚಹಾ. ಮೂರನೆಯ ಊರು ತಲುಪುವಷ್ಟರಲ್ಲಿ ಅವನಿಗೆ ಮುಂದೆ ಹೋಗಲು ಬೇಜಾರಾಗಿತ್ತು.

ಅಲ್ಲಿ ಬಾತುಕೋಳಿಗಳಿದ್ದ ಕೊಳದ ಪಕ್ಕ ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿದ. ಎತ್ತರದ ಮರಗಳು ಗಾಳಿಗೆ ಭೋರೆನ್ನುತ್ತಿದ್ದವು.

“ಅವ್ವಾ, ಸಮುದ್ರ ಬಂತು. ಅಲೆ ಭಾಳ ಜೋರ ಅದಾವ, ನೀ ಮುಂದ ಹೋಗಬ್ಯಾಡ. ನೀರು ನಾನ ತರ್ತೀನಿ.”

ಪೇಪರ್ ಕಪ್ಪಿನಲ್ಲಿ ಕೊಳದ ನೀರು ತುಂಬಿ, ದಾರಿಯಲ್ಲಿ ನನಗೆ ಕೊಂಡ ಚಿಪ್ಸ್ ಜೊತೆ ಕೊಟ್ಟಿದ್ದ ಉಪ್ಪಿನ ಪೊಟ್ಟಣ ಹರಿದು ಹಾಕಿ, ಬೆರಳಿನಿಂದ ಕಲಕಿದ. ಅಮ್ಮ ನಗು ತಡೆಯಲು ಕಾರ್ಡಿಗನ್ನಿನ ತೋಳನ್ನು ಬಾಯಿಗೆ ಒತ್ತಿಕೊಂಡಳು.

ಅಜ್ಜಿ ತಲೆಗೆ ಚಿಮುಕಿಸಿಕೊಂಡು, ಉಳಿದದ್ದನ್ನು ತೀರ್ಥದಂತೆ ಕುಡಿದು ಚಪ್ಪರಿಸಿದಳು. ಬಾತುಕೋಳಿಯೊಂದು ಕೂಗಿತು. ಅಜ್ಜಿ ಕೈ ಚಾಚಿ ಅಪ್ಪನ ತಲೆ ಹುಡುಕಿ ಮುಟ್ಟಿದಳು.

“ಎಷ್ಟ ಛಲೋ ನೋಡ್ಕೊಂಡಿ ನನ್ನ. ನಿನಗ ವಯಸ್ಸಾದಾಗ ನಿನ್ನ ಮಗಳೂ ನಿನ್ನ ಹಿಂಗ ನೋಡ್ಕೊಳ್ಳಲಿ.”

ಅಮ್ಮನ ನಗು ನಿಂತಿತು. ಅಪ್ಪ ತಿರುಗಿ ನನ್ನ ಮುಖ ನೋಡಿದ. ನಾನು ಉಪ್ಪಿಲ್ಲದ ಚಿಪ್ಸ್ ತಿನ್ನುತ್ತಿದ್ದೆ.