ಮೂಗು ಕಟ್ಟಿದ ದಿನ

ಮಧುಕರ ಗೇರ್‌ಬಾಕ್ಸಿನ ಎಣ್ಣೆ ನೋಡುವ ಕಡ್ಡಿಯನ್ನು ಮೂರನೇ ಸಲ ಮೂಗಿಗೆ ಹಿಡಿದ. ಏನೂ ಗೊತ್ತಾಗಲಿಲ್ಲ. ಎರಡು ದಿನದ ನೆಗಡಿ ಎರಡೂ ಹೊಳ್ಳೆಗೆ ಬೀಗ ಜಡಿದಿತ್ತು.

"ಎಂತ ಆಯ್ತು ಮಧುಕರ? ಗೇರ್‌ಬಾಕ್ಸ್ ಹೋಯ್ತಾ?" ನಾಗಶ್ರೀ ಅಕ್ಕೋರು ಗ್ಯಾರೇಜಿನ ಸ್ಟೂಲಿನ ಮೇಲೆ ಕೂತೇ ಕೇಳಿದರು. ಅವರ ಹದಿನೆಂಟು ವರ್ಷದ ಹಳೆಯ ಕಾರು ಬಾನೆಟ್ ತೆರೆದುಕೊಂಡು ಗುರುಗುಟ್ಟುತ್ತ ನಿಂತಿತ್ತು. ತಾನೇ ಗೇರು ಬದಲಾಯಿಸಿಕೊಳ್ಳುವ ಕಾರು. ಕ್ಲಚ್ ಒತ್ತುವ ಕೆಲಸವಿಲ್ಲ. ಚಿಕ್ಕಂದಿನಲ್ಲೇ ಎಡಗಾಲು ಸೊರಗಿದ್ದ ಅಕ್ಕೋರು ದಿನಾ ಪಾಠ ಹೇಳಲು ಶಿರವಾಡದಿಂದ ಅಂಕೋಲೆಯ ಶಾಲೆಗೆ ಒಬ್ಬರೇ ಹೋಗಿಬರುತ್ತಿದ್ದುದು ಅದರಿಂದಲೇ. ನಾಲ್ಕು ದಿನದಿಂದ ಏರು ಬಂದರೆ ಸಾಕು, ಇಂಜಿನ್ ಅರಚುತ್ತಿತ್ತು, ಕಾರು ಮಾತ್ರ ಮುಂದೆ ಹೋಗುತ್ತಿರಲಿಲ್ಲ.

"ಸಂಜೆ ಗುಜರಿಯವ ಇಲ್ಲಿಗೇ ಬರ್ತಾನಂತೆ. ಅಣ್ಣ ಹೇಳಿ ಆಯ್ತು," ಅಂದರು ಅಕ್ಕೋರು. "ಇನ್ನು ಅಣ್ಣ ಹೋಗುವಾಗ ಅವನ ಸ್ಕೂಟರ್ ಹಿಂದೆ ಕೂತು ಹೋಗುದು, ಅವ ಬರುವಾಗ ಬರುದು. ದಾರಿಯುದ್ದ ಉಪದೇಶ ಬೇರೆ ಕೇಳುದು ಮಾರಾಯ."

ಮಧುಕರ ತಾನು ಹೋಗುವ ಸಂಜೆಯ ಮೆಕ್ಯಾನಿಕ್ ತರಗತಿಯ ನೋಟ್‌ಬುಕ್ ತೆರೆದ. ಆ ಪುಟ ಅವನಿಗೆ ಬಾಯಿಪಾಠವೇ, ಆದರೂ ನೋಡದೆ ಹೇಳುವ ಧೈರ್ಯ ಅವನಿಗೆ ಯಾವತ್ತೂ ಬಂದಿರಲಿಲ್ಲ. 'ಎಣ್ಣೆ ಕಡಿಮೆಯಾಗಿದ್ದು, ಸುಟ್ಟ ವಾಸನೆ ಇಲ್ಲದಿದ್ದರೆ ಸೋರಿಕೆ ಹುಡುಕಿ ತುಂಬಿಸು. ಸುಟ್ಟ ವಾಸನೆ ಇದ್ದರೆ ಗೇರ್‌ಬಾಕ್ಸಿನ ಒಳಗಿನ ಪ್ಲೇಟು ಸುಟ್ಟಿದೆ.' ವಾಸನೆ ಎಂಬ ಮಾತಿನ ಕೆಳಗೆ ಅವನೇ ಎರಡು ಗೆರೆ ಎಳೆದಿದ್ದ. ಎಣ್ಣೆ ಕಡಿಮೆಯಾದದ್ದೇನೋ ಕಡ್ಡಿಯಲ್ಲಿ ಕಾಣುತ್ತಿತ್ತು. ಬಣ್ಣ ಮಾತ್ರ ಕೆಂಪೂ ಅಲ್ಲ, ಕಪ್ಪೂ ಅಲ್ಲ, ಹಳೆಯ ಮುರುಗಲ ಸಾರಿನಂತಿತ್ತು. ಪ್ಲೇಟು ಸುಟ್ಟಿದ್ದರೆ ಈ ಕಾರಿಗೆ ಸಾಮಾನು ಎಲ್ಲೂ ಸಿಗುವುದಿಲ್ಲ. ಗುಜರಿಯೇ ಗತಿ.

ಸುಮ್ಮನೆ ಏನಾದರೊಂದು ಹೇಳಿಬಿಡಬಹುದಿತ್ತು. ಅವನಿಂದಾಗಲಿಲ್ಲ.

"ಅಕ್ಕೋರೆ, ಇವತ್ತು ನಂಗೆ ಮೂಗೇ ಇಲ್ಲ. ನೀವೇ ಒಮ್ಮೆ ಮೂಸ್ತೀರಾ?"

ಅಕ್ಕೋರು ಮೂಸಿದರು. "ಪೆಟ್ರೋಲ್ ಬಂಕ್ ವಾಸನೆ. ನಂಗೆ ಎಲ್ಲ ಎಣ್ಣೆಯೂ ಒಂದೇ."

ರಸ್ತೆಯ ಆಚೆ ಹೀರಾಬಾಯಿ ಗಾಡಿಯಲ್ಲಿ ಮಿರ್ಚಿ ಭಜೆ ಕರಿಯುತ್ತಿದ್ದಳು. ಮಧುಕರ ಕಡ್ಡಿ ಹಿಡಿದುಕೊಂಡೇ ರಸ್ತೆ ದಾಟಿದ.

"ಹೀರಾಬಾಯಿ, ಇದು ಸುಟ್ಟದ್ದಾ, ಹಳತಾದದ್ದಾ, ನೋಡಿ ಹೇಳಿ."

"ಕಾರಿನ ಎಣ್ಣೆ ನನ್ನ ಹತ್ರ ಎಂತಕ್ಕೆ ತಂದೆ ತಮಾ? ಭಜೆ ಕರಿಯುಕಾ?" ಎನ್ನುತ್ತಲೇ ಅವಳು ಸೆರಗಿಗೆ ಕೈ ಒರೆಸಿಕೊಂಡು, ಕಣ್ಣು ಮುಚ್ಚಿ ಮೂಸಿದಳು. "ಹಳತಾಗಿದೆ. ಸುಟ್ಟಿಲ್ಲ."

"ಖಾತ್ರಿಯಾ?"

"ಇಪ್ಪತ್ತೆಂಟು ವರ್ಷ ಈ ಬಾಣಲೆ ಮುಂದೆ ಕೂತಿದ್ದೆ. ಗಂಡನ ಮುಂದೂ ಅಷ್ಟು ಕೂತಿಲ್ಲ."

ಮಧುಕರ ಕಾರಿನ ಅಡಿಗೆ ತೂರಿದ. ರೇಡಿಯೇಟರಿನ ಹತ್ತಿರ ಗೇರ್‌ಬಾಕ್ಸಿನ ಎಣ್ಣೆ ಹರಿಯುವ ರಬ್ಬರ್ ಪೈಪಿನ ಕ್ಲಿಪ್ ಸಡಿಲಾಗಿ ಎಣ್ಣೆ ಜಿನುಗುತ್ತಿತ್ತು. ಹೊಸ ಕ್ಲಿಪ್ ಬಿಗಿದ, ಎಣ್ಣೆ ತುಂಬಿಸಿದ, ಇಂಜಿನ್ ಚಾಲೂ ಇಟ್ಟು ಮಟ್ಟ ನೋಡಿದ. ಸಮಾಧಾನವಾಗದೆ ಮತ್ತೆರಡು ಸಲ ನೋಡಿದ. ಅಕ್ಕೋರು ಕಾರನ್ನು ರೈಲ್ವೆ ಸ್ಟೇಶನ್ನಿನ ಏರು ಹತ್ತಿಸಿ ನೋಡಲು ಹೊರಟುಹೋದರು. ಮಧುಕರ ಮತ್ತೆ ರಸ್ತೆ ದಾಟಿ ಭಜೆ ಗಾಡಿಯ ಹತ್ತಿರ ಬಂದ.

"ಮುಖ ನೋಡು, ಪರೀಕ್ಷೆ ಬರೆದು ಬಂದವರ ಹಾಗೆ," ಎಂದು ಹೀರಾಬಾಯಿ ಅವನ ಕೈಗೊಂದು ಬಿಸಿ ಮಿರ್ಚಿ ಕೊಟ್ಟಳು. ಒಂದು ತುತ್ತಿಗೇ ಕಣ್ಣಲ್ಲಿ ನೀರು ಬಂತು, ಕಿವಿ ಬಿಸಿಯಾಯಿತು, ಎರಡು ದಿನದಿಂದ ಕಟ್ಟಿದ್ದ ಮೂಗು ಒಮ್ಮೆಲೇ ಬಿಟ್ಟಿತು. ಬಿಟ್ಟ ಮೂಗಿಗೆ ಮೊದಲು ಬಡಿದದ್ದು ಸುಟ್ಟ ಎಣ್ಣೆಯ ವಾಸನೆ.

ಮಧುಕರನ ಜೀವ ಹಾರಿತು. ಹಾಗಾದರೆ ಪ್ಲೇಟು ಸುಟ್ಟಿದೆ. ಅಕ್ಕೋರು ಏರಿನ ನಡುವೆ ನಿಂತಿರಬಹುದು, ಹಿಂದಿನಿಂದ ಲಾರಿ ಬರುತ್ತಿರಬಹುದು. ಓಡಲು ತಿರುಗಿದವನಿಗೆ ಹೆಗಲ ಮೇಲಿದ್ದ ಬಟ್ಟೆ ನೆನಪಾಯಿತು. ಕಡ್ಡಿ ಒರೆಸಿದ್ದು ಅದರಲ್ಲೇ. ಕಲೆಯಾದ ಕಡೆಯನ್ನು ಮೂಗಿಗೊತ್ತಿ ಉದ್ದಕ್ಕೆ ಉಸಿರೆಳೆದ. ಹಳೆಯ ಎಣ್ಣೆ, ಅಷ್ಟೇ. ಸುಟ್ಟದ್ದರ ಸುಳಿವೇ ಇಲ್ಲ. ಅವನು ನಿಧಾನಕ್ಕೆ ತಿರುಗಿ ಬಾಣಲೆಯೊಳಗೆ ಇಣುಕಿದ.

ಅಷ್ಟರಲ್ಲಿ ಹಾರ್ನ್ ಕೇಳಿತು. ಅಕ್ಕೋರು ಕಾರು ನಿಲ್ಲಿಸದೆ ಕಿಟಕಿಯಿಂದ ಕೈ ಹೊರಗೆ ಹಾಕಿದರು. "ಎರಡು ಸಲ ಹತ್ತಿಸಿದೆ ಮಾರಾಯ. ಇನ್ನು ಅಂಕೋಲೆ ತನಕ ಹೋಗಿ ಬರ್ತೆ. ಗುಜರಿಯವ ಬಂದ್ರೆ ಅಣ್ಣನ ಸ್ಕೂಟರ್ ತೋರ್ಸು."

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಮಧುಕರ ನೋಡುತ್ತ ನಿಂತ. ಆಮೇಲೆ ತಗ್ಗಿದ ದನಿಯಲ್ಲಿ, "ಹೀರಾಬಾಯಿ, ಸಿಟ್ಟು ಮಾಡ್ಬೇಡಿ. ಸುಟ್ಟದ್ದು ನಿಮ್ಮ ಎಣ್ಣೆ," ಎಂದ.

"ಗೊತ್ತು ತಮಾ," ಎಂದಳು ಅವಳು, ಇನ್ನೊಂದು ಮಿರ್ಚಿ ಬಾಣಲೆಗೆ ಬಿಡುತ್ತ. "ಸುಟ್ಟದ್ದು ಹೇಗಿರ್ತದೆ ಅಂತ ದಿನಾ ಮೂಸಿದ್ದಕ್ಕೇ ಅಲ್ವಾ, ನಿನ್ನದು ಸುಟ್ಟಿಲ್ಲ ಅಂತ ಹೇಳುಕೆ ಬಂದದ್ದು?"

ಮಧುಕರ ಕೈಯಲ್ಲಿದ್ದ ಅರ್ಧ ಮಿರ್ಚಿಯನ್ನು ನೋಡಿದ. ಅದನ್ನು ಏನು ಮಾಡಬೇಕೆಂದು ನೋಟ್‌ಬುಕ್ಕಿನಲ್ಲಿ ಎಲ್ಲೂ ಬರೆದಿರಲಿಲ್ಲ.