ಗೆರೆಯ ಹೊರಗಿನ ಮನೆ

ಸಹಿ ಹಾಕಲು ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದಾಗ ಹವಾಮಾನ ವಿಜ್ಞಾನಿ ಕುರ್ಚಿಯ ಅಂಚಿಗೆ ಸರಿದಳು. ಮೇಜಿನ ಮೇಲೆ ಅವಳೇ ಬರೆದ ನೆರೆ ಹಾವಳಿಯ ನಕ್ಷೆ. ಕೆಂಪು ಗೆರೆಯ ಒಳಗಿರುವವರು ವರ್ಷದೊಳಗೆ ಮನೆ ಬಿಡಬೇಕು. ಆ ಗೆರೆ ಒಂದೇ ಕಡೆ, ಅವಳ ಅಮ್ಮನ ಮನೆಯನ್ನು ಹೊರಗೆ ಬಿಟ್ಟು, ಕೂದಲೆಳೆಯಷ್ಟು ಒಳಕ್ಕೆ ಬಾಗಿತ್ತು. "ಈ ಮನೆ ಬಿಟ್ಟು ಎಲ್ಲಿಗೂ ಬರಲ್ಲ ಕಣೇ" ಎಂದು ಅಮ್ಮ ಅತ್ತಿದ್ದಕ್ಕೆ, ಲೆಕ್ಕದಲ್ಲಿ ಎಂದೂ ತಪ್ಪದ ಅವಳ ಕೈಯೇ ಆ ಗೆರೆಯನ್ನು ಸರಿಸಿತ್ತು.

"ನಿಮ್ಮ ನಕ್ಷೆ ಅಂದ್ರೆ ಕಣ್ಣು ಮುಚ್ಚಿ ಸಹಿ ಹಾಕ್ತೀನಿ ಮೇಡಂ," ಅಧಿಕಾರಿ ನಕ್ಕರು. "ಹಾಂ, ದೋಣಿ ಕಮ್ಮಿ ಇವೆ. ಜನ ಮನೆ ಬಿಡೋದ್ರೊಳಗೆ ನೆರೆ ಬಂದ್ರೆ, ಗೆರೆ ಒಳಗಿನೋರಿಗೆ ಮಾತ್ರ ಕಳಿಸೋದು."

ಪೆನ್ನು ಕಾಗದಕ್ಕೆ ತಾಗುವ ಮೊದಲೇ ಅವಳ ಅಂಗೈ ಸಹಿಯ ಜಾಗವನ್ನು ಮುಚ್ಚಿತು.

"ಗೆರೆ ತಪ್ಪಿದೆ ಸಾರ್," ಎಂದಳು. "ತಪ್ಪಿಸಿದ್ದು ನಾನೇ."